ನೋಕಿಯಾ ಸೋತಿತು, ಸೋತವರು ಯಾರು?

ದೊಡ್ಡ ತಂತ್ರಜ್ಞಾನ ಕಂಪೆನಿಗಳ ಏಳುಬೀಳನ್ನು ನಮ್ಮ ಪತ್ರಿಕೆಗಳು ಕ್ರಿಕೆಟ್ ಪಂದ್ಯದ ವರದಿಯಂತೆ ಬರೆಯುತ್ತವೆ. ನೋಕಿಯಾದ ಕಥೆಯನ್ನೇ ನೋಡಿ: 2007ರಲ್ಲಿ ಆಪಲ್ ಐಫೋನ್ ತಂದಿತು, ಮರುವರ್ಷ ಗೂಗಲ್‌ನ ಆಂಡ್ರಾಯ್ಡ್ ಇರುವ ಫೋನ್ ಬಂತು, 2014ರಲ್ಲಿ ನೋಕಿಯಾದ ಮೊಬೈಲ್ ವಿಭಾಗ ಮೈಕ್ರೋಸಾಫ್ಟ್ ಪಾಲಾಯಿತು. ಬದಲಾಗದವನು ಸೋಲುತ್ತಾನೆ ಎಂಬ ನೀತಿಯೊಂದಿಗೆ ಕಥೆ ಮುಗಿಯುತ್ತದೆ.

ಇದು ಸುಳ್ಳಲ್ಲ, ಅರ್ಧ ಸತ್ಯ. ಅದೇ ವರ್ಷ ಚೆನ್ನೈ ಬಳಿಯ ಶ್ರೀಪೆರಂಬದೂರಿನ ನೋಕಿಯಾ ಕಾರ್ಖಾನೆ ಮುಚ್ಚಿತು. ಕೆಲಸ ಕಳೆದುಕೊಂಡ ಕಾರ್ಮಿಕರು ಯಾವ ತಪ್ಪಿಗೆ ಸೋತರು ಎಂದು ನಾವು ಕೇಳಲಿಲ್ಲ.

ಫೋನ್ ಬಳಸುವವರೂ ಈ ಕಥೆಯಲ್ಲಿಲ್ಲ. ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಆನೆ ಎಲ್ಲಿದೆ ಎಂದು ಜನರ ಮೊಬೈಲಿಗೆ ಎಸ್ಸೆಮ್ಮೆಸ್ ಕಳುಹಿಸುವ ವ್ಯವಸ್ಥೆ ಇಲ್ಲಿ ಬಂದಿದೆ. ಅದನ್ನು ಓದಲು 2003ರ ನೋಕಿಯಾ 1100 ಕೂಡ ಸಾಕು. ಅದರಲ್ಲಿ ಟಾರ್ಚೂ ಇತ್ತು. ಸಿಗ್ನಲ್ ಸಿಗದ ಕಣಿವೆಯಲ್ಲಿ ಎಷ್ಟೇ ದುಬಾರಿ ಫೋನಿದ್ದರೂ ಪ್ರಯೋಜನವಿಲ್ಲ. ಮುಂಜಾನೆ ಕೆಲಸಕ್ಕೆ ಹೊರಟ ತೋಟದ ಕಾರ್ಮಿಕನಿಗೆ ಯಾವ ಕಂಪೆನಿ ಗೆದ್ದಿತೆಂಬುದು ಮುಖ್ಯವಲ್ಲ, ಸಂದೇಶ ಹೊತ್ತಿಗೆ ಸರಿಯಾಗಿ ಮುಟ್ಟಿತೇ ಎಂಬುದು ಮುಖ್ಯ.

ಕಂಪೆನಿಗಳ ಸೋಲುಗೆಲುವಿನ ಬಗ್ಗೆ ಖಂಡಿತ ಬರೆಯೋಣ. ಆದರೆ ಷೇರುಪೇಟೆಯೊಂದೇ ಅಳತೆಗೋಲಾಗದಿರಲಿ. ಆ ಕಾರ್ಮಿಕ ಸಂಜೆ ಸುರಕ್ಷಿತವಾಗಿ ಮನೆ ಸೇರಿದನೇ ಎಂದೂ ಕೇಳೋಣ.