ಲಾಪ್ಲಾಸನ ಸಂಭಾವ್ಯತೆ ಮತ್ತು ನ್ಯಾಯಪೀಠ

ಫ್ರಾನ್ಸಿನ ಗಣಿತಜ್ಞ ಪಿಯರ್ ಸಿಮೋನ್ ಲಾಪ್ಲಾಸನು ಸಂಭಾವ್ಯತೆಯನ್ನು ಕುರಿತ ತನ್ನ ತಾತ್ತ್ವಿಕ ಪ್ರಬಂಧವನ್ನು 1814ರಲ್ಲಿ ಸಾಮಾನ್ಯ ವಾಚಕರಿಗಾಗಿ ಪ್ರಕಟಿಸಿದನು. ಅದರ ಮೂಲಸೂತ್ರ ಸರಳವಾದುದು. ಎಲ್ಲ ಪರಿಣಾಮಗಳೂ ಸಮಾನವಾಗಿ ಸಾಧ್ಯವಾಗಿದ್ದರೆ, ಅನುಕೂಲವಾದವುಗಳ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಬೇಕು, ದೊರೆಯುವುದೇ ಸಂಭಾವ್ಯತೆ. ದಾಳದಲ್ಲಿ ಮೂರು ಬೀಳುವುದು ಆರರಲ್ಲೊಂದು.

ಆದರೆ ‘ಸಮಾನವಾಗಿ ಸಾಧ್ಯ’ ಎಂದರೇನು? ಒಂದನ್ನು ಬಿಟ್ಟು ಮತ್ತೊಂದನ್ನು ನಂಬಲು ನಮಗೆ ಕಾರಣವಿಲ್ಲದಿರುವುದು ಎಂಬುದು ಅವನ ಉತ್ತರ. ದಾಳದ ಸಮತೂಕವನ್ನು ಪರೀಕ್ಷಿಸಿ ತಿಳಿಯಬಹುದು. ಅಲ್ಲಿ ಸಮಾನತೆ ವಸ್ತುವಿನ ಗುಣ. ಏನನ್ನೂ ಅರಿಯದೆ ಸಮಾನವೆಂದರೆ ಅದು ನಮ್ಮ ಅಜ್ಞಾನದ ಗುಣ. ಎರಡಕ್ಕೂ ಒಂದೇ ಅಂಕಿಯನ್ನು ಕೊಟ್ಟದ್ದೇ ಈ ಸಿದ್ಧಾಂತದ ದೋಷವೆಂದು ನನ್ನ ಅಭಿಪ್ರಾಯ.

ಎಣಿಕೆಗೆ ಮುನ್ನ ವಿಭಾಗವೂ ಸರಿಯಿರಬೇಕು. ನಾಣ್ಯವನ್ನು ಎರಡು ಬಾರಿ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭಾವ್ಯತೆ ನಾಲ್ಕರಲ್ಲಿ ಮೂರು. ದಾಲಾಂಬೇರನಂಥ ಮೇಧಾವಿಯೇ 1754ರಲ್ಲಿ ಮೊದಲ ಸಲ ತಲೆ ಬಿದ್ದರೆ ಆಟ ಮುಗಿಯಿತೆಂದು ಮೂರೇ ಪ್ರಸಂಗಗಳನ್ನೆಣಿಸಿ, ಮೂರರಲ್ಲಿ ಎರಡು ಎಂದು ವಾದಿಸಿದನು. ನಮ್ಮಲ್ಲಿಯೂ ಸ್ಯಾದ್ವಾದವೇ ಸಂಭಾವ್ಯತೆಯ ಸಿದ್ಧಾಂತವೆಂದು ಹೊಗಳುವವರುಂಟು. ಪ್ರಶಾಂತಚಂದ್ರ ಮಹಲನೋಬಿಸರು 1954ರಲ್ಲಿ ಇವುಗಳ ಸಾಮ್ಯವನ್ನು ಚರ್ಚಿಸಿದ್ದು ನಿಜ. ಆದರೂ ಸಪ್ತಭಂಗಿಯ ಒಂದೊಂದು ಭಂಗಕ್ಕೂ ಏಳರಲ್ಲೊಂದು ಪಾಲು ಹಂಚುವಂತಿಲ್ಲ. ‘ಸ್ಯಾತ್’ ಎಂದರೆ ‘ಒಂದು ಅಪೇಕ್ಷೆಯಿಂದ’ ಎಂದರ್ಥವೇ ಹೊರತು ‘ಬಹುಶಃ’ ಎಂದಲ್ಲ.

ದಾಳದ ಆಟದಲ್ಲಿ ತಪ್ಪಿದರೆ ಹಣ ಹೋದೀತು. ಲಾಪ್ಲಾಸನಾದರೋ ಈ ಸೂತ್ರವನ್ನು ನ್ಯಾಯಪೀಠಕ್ಕೆ ಒಯ್ದನು. ತೀರ್ಪುಗಾರನೊಬ್ಬನು ಸತ್ಯವನ್ನು ಕಾಣುವ ಸಂಭಾವ್ಯತೆ ಎಷ್ಟೆಂಬುದು ಗೊತ್ತಿಲ್ಲ. ಆದ್ದರಿಂದ ಅರ್ಧದಿಂದ ಒಂದರವರೆಗಿನ ಎಲ್ಲ ಬೆಲೆಗಳನ್ನೂ ಅವನು ಸಮಾನವೆಂದು ಹಿಡಿದನು. ಈ ಲೆಕ್ಕದಂತೆ ಹನ್ನೆರಡು ಮಂದಿ ಒಮ್ಮತದಿಂದ ಅಪರಾಧಿಯೆಂದರೆ ತಪ್ಪಾಗುವ ಸಂಭಾವ್ಯತೆ 8192ರಲ್ಲಿ 1. ಎಂಟು ಮಂದಿ ಹೌದೆಂದು ನಾಲ್ವರು ಅಲ್ಲವೆಂದರೆ 8192ರಲ್ಲಿ 1093, ಅಂದರೆ ಎಂಟರಲ್ಲೊಂದಕ್ಕಿಂತ ತುಸು ಹೆಚ್ಚು. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಈ 8192 ಯಾವ ನ್ಯಾಯಾಲಯದ ಅನುಭವದಿಂದ ಬಂದಿತು? ತೀರ್ಪುಗಾರನು ಅರ್ಧಕ್ಕಿಂತ ಕೆಳಗಿಳಿಯನೆಂದು ಹೇಳಿದವರಾರು? ಒಂದೇ ಊರಿನ, ಒಂದೇ ಪೂರ್ವಗ್ರಹದ ಹನ್ನೆರಡು ಮಂದಿ ಒಂದೇ ಸುಳ್ಳುಸಾಕ್ಷಿಯನ್ನು ನಂಬಿದರೆ ಅಲ್ಲಿರುವುದು ಹನ್ನೆರಡು ಮತಗಳಲ್ಲ, ಒಂದೇ ಮತ. ನಿರಪರಾಧಿಯ ಕೊರಳಿನ ಪ್ರಶ್ನೆಯಲ್ಲಿ ಈ ಲೋಪವನ್ನು ಸಣ್ಣದೆಂದು ಬಿಡಲಾಗದು.

ಲಾಪ್ಲಾಸನ ಉದ್ದೇಶ ಒಳ್ಳೆಯದೇ ಆಗಿತ್ತೆಂಬುದನ್ನು ಮರೆಯಬಾರದು. ಅಲ್ಪ ಬಹುಮತದಿಂದ ಶಿಕ್ಷೆ ವಿಧಿಸುವುದು ಅಪಾಯಕರವೆಂದು ತೋರಿಸುವುದಕ್ಕೇ ಅವನು ಈ ಲೆಕ್ಕವನ್ನು ಬಳಸಿದನು. 1837ರಲ್ಲಿ ಪಾಯ್ಸಾನನು ಕೇವಲ ಊಹೆಯನ್ನು ನೆಚ್ಚದೆ ಫ್ರಾನ್ಸಿನ ನ್ಯಾಯಾಲಯಗಳಲ್ಲಿ ಶಿಕ್ಷೆಯಾದವರ, ಬಿಡುಗಡೆಯಾದವರ ಅಂಕಿ-ಅಂಶಗಳನ್ನು ಆಧಾರವಾಗಿಟ್ಟುಕೊಂಡನು. ಇದೊಂದು ಮುನ್ನಡೆಯೇ ಸರಿ. ಆದರೆ ತೀರ್ಪುಗಾರರು ಒಬ್ಬರಿಂದೊಬ್ಬರು ಸ್ವತಂತ್ರರಾಗಿ ಮತ ನೀಡುವರೆಂಬ ಊಹೆಯನ್ನು ಅವನೂ ಬಿಡಲಿಲ್ಲ.