ಹುಟ್ಟುಗುಣ ಅನ್ನುವ ಸುಳ್ಳು

ನಮ್ಮ ಹಲಸೂರಿನ ಕೇರಿಗಳಲ್ಲಿ ಮುಂಗೋಪಿಗಳಿಗೂ ಪುಕ್ಕಲರಿಗೂ ಬರವಿಲ್ಲ. 'ಅವನ ಹುಟ್ಟುಗುಣವೇ ಅಷ್ಟು' ಅಂತಾರೆ ಮೇಲಿನವರು, ನಾವೂ ಅಂತೀವಿ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' (1996) ಈ ಸುಳ್ಳನ್ನು ಒಡೆಯುತ್ತದೆ. ಎತ್ತುಗಳಂತೆ ನೊಗ ಹೊತ್ತು ಹೊಲ ಉಳುತ್ತಿದ್ದವರಲ್ಲಿ ಒಬ್ಬರು ತನ್ನ ಅಪ್ಪ ಎಂಬುದನ್ನು ಅಲ್ಲಿ ಹುಡುಗ ಕಾಣುತ್ತಾನೆ. ಇಂಥ ಅವಮಾನ ಕಂಡ ಮಗುವಿನೊಳಗೆ ಅದು ಕೂತೇ ಇರುತ್ತದೆ. ದೊಡ್ಡವನಾದಾಗ ಕೀಳರಿಮೆಯಾಗಬಹುದು, ಹೆಂಡತಿ ಮಕ್ಕಳ ಮೇಲೆ ಬೀಳುವ ಏಟೂ ಆಗಬಹುದು. ಸಿದ್ಧಲಿಂಗಯ್ಯ ಅದನ್ನು ನಗೆಯಾಗಿಸಿದರು. ಆ ನಗೆ ದೊಡ್ಡದು. ಆದರೆ ಓದುವ ನಾವು ಬರೀ ನಕ್ಕು ಎದ್ದರೆ ಅಪ್ಪನ ಹೆಗಲು ಮರೆತಂತೆ.

ಮೇಷ್ಟ್ರುಗಳೇ, ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂತವನನ್ನು ದಡ್ಡ ಅನ್ನುವ ಮುಂಚೆ ಅವನು ಏನು ಕಂಡು ಬಂದಿದ್ದಾನೆಂದು ಕೇಳಿ. ಗೆಳೆಯರೇ, ಊರು ಹೊರಿಸಿದ ನೊಗವನ್ನು ನಾವು ನಮ್ಮ ಮಕ್ಕಳ ಹೆಗಲಿಗೆ ದಾಟಿಸುವುದು ಬೇಡ.