ಮುಂಗಾಲಿನ ಎಣ್ಣೆ

ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದಿರಿ ಎಂದರೆ ಸವಾರರು ಕಿಲೋಮೀಟರ್ ಸಮೇತ ಹೇಳುತ್ತಾರೆ. ಫೋರ್ಕ್ ಆಯಿಲ್ ಎಂದರೆ ಮುಖ ಮುಖ ನೋಡುತ್ತಾರೆ. ಏಳೆಂಟು ವರ್ಷ ಕಾರ್ಖಾನೆಯ ಎಣ್ಣೆಯಲ್ಲೇ ಓಡಿದ ಫೋರ್ಕ್ ಬಿಚ್ಚಿದ್ದೇನೆ. ಕೊಳೆತ ಮೀನಿನ ವಾಸನೆಯ ಬೂದು ನೀರು ಸುರಿಯುತ್ತದೆ.

ಹೋದ ತಿಂಗಳು ಗೆಳೆಯರೊಬ್ಬರ 150 ಸಿಸಿ ಬೈಕ್ ಬಂತು. ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಮುಂಭಾಗ ಕುಸಿಯುತ್ತಿತ್ತಂತೆ. ಒಂದು ಗ್ಯಾರೇಜಿನಲ್ಲಿ ‘ಗಟ್ಟಿ ಮಾಡ್ಕೊಡ್ತೀನಿ’ ಎಂದು ದಪ್ಪ ಎಣ್ಣೆಯನ್ನು ಅಳತೆ ಮೀರಿ ಸುರಿದಿದ್ದರು. ಕುಸಿತವೇನೋ ತಗ್ಗಿತು. ಆದರೆ ಪ್ರತಿ ಹಂಪಿಗೂ ಮಣಿಕಟ್ಟಿಗೆ ಏಟು, ಕೆಲವೇ ವಾರಗಳಲ್ಲಿ ಎರಡೂ ಸೀಲ್ ಸೋರಿಕೆ.

ಫೋರ್ಕಿನೊಳಗೆ ಎಣ್ಣೆಯ ಮೇಲೆ ಒಂದಿಷ್ಟು ಗಾಳಿ ಇರುತ್ತದೆ. ಅದೂ ಒಂದು ಸ್ಪ್ರಿಂಗೇ. ಎಣ್ಣೆ ಏರಿದಷ್ಟೂ ಗಾಳಿಗೆ ಜಾಗ ಕಡಿಮೆ. ಚಕ್ರ ಗುಂಡಿಗೆ ಬಿದ್ದಾಗ ಒತ್ತಡ ಸಿಡಿದು ಸೀಲಿನ ಮೇಲೆ ಬೀಳುತ್ತದೆ. ಇನ್ನು ದಪ್ಪ ಎಣ್ಣೆ ಸಣ್ಣ ತೂತುಗಳಲ್ಲಿ ಥಟ್ಟನೆ ನುಗ್ಗಲಾರದೆ ಫೋರ್ಕನ್ನು ಕಬ್ಬಿಣದ ಸಲಾಕೆಯನ್ನಾಗಿ ಮಾಡುತ್ತದೆ. ಎಷ್ಟು ಬಗ್ಗಬೇಕು ಎಂಬುದು ಮುಖ್ಯವಾಗಿ ಸ್ಪ್ರಿಂಗಿನ ಕೆಲಸ, ಎಷ್ಟು ಬೇಗ ಎಂಬುದು ಎಣ್ಣೆಯ ಕೆಲಸ. 1935ರ ಬಿಎಂಡಬ್ಲ್ಯು ಆರ್12 ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಹೊತ್ತು ರಸ್ತೆಗಿಳಿದಂದಿನಿಂದ ಈ ಹಂಚಿಕೆ ಬದಲಾಗಿಲ್ಲ.

ಹಾಗಾಗಿ ಮೊದಲು ಅಳೆಯಬೇಕು. ಫೋರ್ಕಿನ ಒಳನಳಿಗೆಗೆ ಪ್ಲಾಸ್ಟಿಕ್ ಟೈ ಬಿಗಿದು, ಸೀಲಿಗೆ ತಾಗಿಸಿ, ಎಂದಿನ ಉಡುಪಿನಲ್ಲಿ ಮೆಲ್ಲಗೆ ಕುಳಿತು ಇಳಿಯಿರಿ. ಚಕ್ರ ಎತ್ತಿದಾಗ ಟೈ ಸರಿದ ದೂರ ಒಟ್ಟು ಚಲನೆಯ ಮೂರನೇ ಒಂದು ಭಾಗದ ಆಸುಪಾಸು ಇದ್ದರೆ ಸರಿ: 120 ಮಿ.ಮೀ.ಗೆ 35ರಿಂದ 40, ಹಿಮಾಲಯನ್ 411ರ 200 ಮಿ.ಮೀ.ಗೆ 60ರ ಮೇಲೆ. ಗೆಳೆಯರ ಬೈಕಿನದು 120ಕ್ಕೆ 52! ದಣಿದಿದ್ದದ್ದು ಸ್ಪ್ರಿಂಗ್. ಹೊಸ ಸ್ಪ್ರಿಂಗ್, ಹೊಸ ಸೀಲ್, ಕೈಪಿಡಿ ಹೇಳಿದ ದರ್ಜೆಯ ಎಣ್ಣೆ ಎರಡೂ ಕಾಲಿಗೆ ಒಂದೇ ಮಟ್ಟಕ್ಕೆ. ಈಗ ಅದೇ ಘಾಟಿಯನ್ನು ಹಾಯಾಗಿ ಇಳಿಯುತ್ತಿದೆ.

ಸೀಲ್ ಸೋರಿದ ಕೂಡಲೇ ಹೊಸದು ಕೊಳ್ಳಬೇಕಿಲ್ಲ. ಮಲೆನಾಡಿನ ಕೆಸರು ಒಣಗಿ ಸೀಲಿನ ತುಟಿಗೆ ಸಿಕ್ಕಿದರೂ ಸೋರುತ್ತದೆ. ಹಳೆಯ ಫೋಟೋ ನೆಗೆಟಿವಿನ ತುಂಡನ್ನು ಒಳತೂರಿಸಿ ಸುತ್ತ ಎಳೆದರೆ ಎಷ್ಟೋ ಸಲ ನಿಂತುಹೋಗುತ್ತದೆ. ನಳಿಗೆಯ ಮೇಲೆ ತುಕ್ಕಿನ ಚುಕ್ಕೆ ಇದ್ದರೆ ಮಾತ್ರ ಎಷ್ಟು ಸೀಲ್ ಹಾಕಿದರೂ ದಂಡ.

ಎಣ್ಣೆ ಜಾರಿ ಬ್ರೇಕ್ ಡಿಸ್ಕಿಗೆ ತಾಗಿದೆಯೇ ನೋಡಿ. ತಾಗಿದ್ದರೆ ಕೀಲಿ ತಿರುಗಿಸಬೇಡಿ, ಗ್ಯಾರೇಜಿನವರೆಗೆ ತಳ್ಳಿಕೊಂಡೇ ಹೋಗಿ.